ಫೋನು ಓದದೆ ಬಿಟ್ಟದ್ದು

ಹುಕ್ಕೇರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಮಾಯಾ ಟೆಲಿಫೋನ್ ಆಪರೇಟರ್. ಅವಳಿಗೆ ಕಣ್ಣು ಕಾಣುವುದಿಲ್ಲ. ಗೋಕಾಕದಲ್ಲಿ ಗಣಿತ ತೆಗೆದುಕೊಂಡು ಬಿ.ಎಸ್ಸಿ. ಓದುತ್ತಿದ್ದಾಗ ಅಂಚಿನಿಂದ ಒಳಕ್ಕೆ ಸರಿಯುತ್ತ ಬಂದ ಕತ್ತಲು, ಪದವಿ ಮುಗಿಯುವುದರೊಳಗೆ ಪೂರ್ತಿ ಕವಿದುಬಿಟ್ಟಿತ್ತು. ಇದು ರಕ್ತದಲ್ಲಿ ಬರುವ ಬೇನೆ, ಮನೆತನದಲ್ಲಿ ಇನ್ನೊಬ್ಬರಿಗೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಆಗಲೇ ಹೇಳಿದ್ದರು. ಅದಾದ ಮರುವರ್ಷ ಹುಟ್ಟಿದ ಮಗಳಿಗೆ ಅಣ್ಣ ಶ್ರೀಶೈಲ ನೇತ್ರಾ ಎಂದು ಹೆಸರಿಟ್ಟ. ಯಾಕೆ ಆ ಹೆಸರು ಎಂದು ಮಾಯಾ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಕಚೇರಿಗೆ ಹತ್ತಿರದಲ್ಲೇ ಒಂದು ಬಾಡಿಗೆ ಕೋಣೆ ಹಿಡಿದು ಮಾಯಾ ಒಬ್ಬಳೇ ಇದ್ದಳು. ರೊಟ್ಟಿ ಬಡಿಯುವುದು, ಬಟ್ಟೆ ಒಗೆಯುವುದು, ಬಸ್ಸು ಹಿಡಿಯುವುದು, ಯಾವುದಕ್ಕೂ ಇನ್ನೊಬ್ಬರ ಕೈ ಕಾಯುವವಳಲ್ಲ. ಅವಳ ಫೋನಿನಲ್ಲಿ ಒಂದು ಹೆಣ್ಣುದನಿ ಇತ್ತು. ಯಾರು ಏನು ಬರೆದು ಕಳಿಸಿದರೂ ಆ ದನಿ ಓದಿ ಹೇಳುತ್ತಿತ್ತು. ಗೋಕಾಕದ ಮನೆಯ ಸುದ್ದಿಯೆಲ್ಲ ಅವಳಿಗೆ ಮುಟ್ಟುತ್ತಿದ್ದದ್ದು ವಾಟ್ಸ್ಆಪಿನ ಒಂದು ಗುಂಪಿನಲ್ಲಿ. ಆ ಗುಂಪಿನಲ್ಲಿ ಇದ್ದವರು ನಾಲ್ವರೇ: ಮೋಟಾರು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಶ್ರೀಶೈಲ, ಅವನ ಹೆಂಡತಿ ಭಾಗ್ಯಾ, ಮಗಳು ನೇತ್ರಾ ಮತ್ತು ಮಾಯಾ. ಓದಲಾಗದ ಫೋಟೊ ಏನಾದರೂ ಬಂದರೆ ಅಣ್ಣನಿಗೆ ಫೋನು ಮಾಡಿ ಕೇಳುತ್ತಿದ್ದಳು. ಅವನು ಬೇಸರವಿಲ್ಲದೆ ವಿವರಿಸುತ್ತಿದ್ದ. ಕಣ್ಣು ಹೋದ ಹೊಸತರಲ್ಲಿ ಕೈ ಹಿಡಿದು ಗೋಕಾಕದ ಬಸ್‌ಸ್ಟ್ಯಾಂಡಿನ ಬೋರ್ಡುಗಳನ್ನೆಲ್ಲ ಓದಿ ಹೇಳಿದವನೇ ಅವನು. ಲೋಕದಲ್ಲಿ ಯಾರ ಮಾತನ್ನು ಮರುಪ್ರಶ್ನೆಯಿಲ್ಲದೆ ನಂಬುತ್ತೀ ಎಂದು ಯಾರಾದರೂ ಕೇಳಿದ್ದರೆ ಮಾಯಾ ಅಣ್ಣನ ಹೆಸರನ್ನೇ ಹೇಳುತ್ತಿದ್ದಳು.

ನೇತ್ರಾಳಿಗೆ ಮೂಡಲಗಿಯ ಕಡೆಯಿಂದ ವರ ಗೊತ್ತಾದ ಮೇಲೆ ಏನೋ ಬದಲಾಯಿತು.

ಹುಡುಗ ಸದಾಶಿವ. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಸಸಿಗಳ ವಿಭಾಗದಲ್ಲಿ ಕೆಲಸ. ಹೆಣ್ಣು ನೋಡಲು ಗೋಕಾಕಕ್ಕೆ ಬಂದ ದಿನ ಅವನ ತಾಯಿ ಕಾಶೆವ್ವ ಮಾಯಾಳ ಬಾಜೂಕೇ ಕೂತಿದ್ದಳು. ಮಾತಿನ ನಡುವೆ ಇದ್ದಕ್ಕಿದ್ದಂತೆ ಮಾಯಾಳ ಗಲ್ಲ ಮುಟ್ಟಿ, "ಮಾರಿಗೇನೂ ಆಗಿಲ್ಲಲ್ಲ ತಾಯಿ, ಅದ ದೊಡ್ಡ ಪುಣ್ಯಾ" ಎಂದಳು. ಮುಖಕ್ಕೆ ಏನಾಗಬೇಕಿತ್ತು ಎಂದು ಮಾಯಾ ಕೇಳುವಷ್ಟರಲ್ಲಿ ಶ್ರೀಶೈಲ ನಡುವೆ ಬಾಯಿ ಹಾಕಿ, "ಚಾ ಆರತೈತಿ, ತಗೋರಿ ಅಕ್ಕಾರ" ಎಂದ. ಮಾತು ಅಲ್ಲಿಗೇ ನಿಂತಿತು. ಮಾಯಾಳ ತಲೆಯಲ್ಲಿ ಮಾತ್ರ ನಿಲ್ಲಲಿಲ್ಲ.

ಅದರ ಹಿಂದೆಯೇ ನೇತ್ರಾಳ ಮಾತು ತಣ್ಣಗಾಯಿತು. ಮಾತು ಬಂದಾಗಿನಿಂದ "ಅತ್ತಿ, ನೀ ಯಾವಾಗ ಬರ್ತಿ" ಎಂದು ಜೀವ ತಿನ್ನುತ್ತಿದ್ದ ಹುಡುಗಿ. ಈಗ ಮಾಯಾ ಫೋನು ಮಾಡಿದರೆ, "ಅರಾಮ ಅದೀರೇನ್ರಿ? ಅವ್ವಗ ಕೊಡ್ತೇನಿ ತಡೀರಿ" ಎಂದು ಫೋನನ್ನು ತಾಯಿಯ ಕೈಗೆ ದಾಟಿಸಿಬಿಡುತ್ತಿದ್ದಳು. ಬೇರೆಯವರು 'ರಿ' ಹಚ್ಚಿ ಮಾತಾಡಿದರೆ ಮರ್ಯಾದೆ. ನೇತ್ರಾಳ ಬಾಯಲ್ಲಿ ಅದು ಬಾಗಿಲು ಹಾಕಿದ ಸಪ್ಪಳದಂತೆ ಕೇಳಿಸಿತು.

ಇದೇ ಹೊತ್ತಿಗೆ ಫೋನೂ ಸುಮ್ಮನಾಗತೊಡಗಿತು. ಎಲ್ಲರದಕ್ಕೂ ಅಲ್ಲ. ವೈನಿ ಭಾಗ್ಯಾ ಬರೆದದ್ದನ್ನು ಓದುತ್ತಿತ್ತು, ಅಣ್ಣ ಬರೆದದ್ದನ್ನೂ ಓದುತ್ತಿತ್ತು. ನೇತ್ರಾಳದು ಬಂದರೆ ಮಾತ್ರ, "ನೇತ್ರಾ" ಎಂದು ಹೆಸರು ಹೇಳಿ, ಉಸಿರು ಹಿಡಿದಂತೆ ಸ್ವಲ್ಪ ತಡೆದು, ನೇರ ಗಂಟೆ ನಿಮಿಷ ಹೇಳಿ ಮುಂದೆ ಹೋಗುತ್ತಿತ್ತು. ಹೆಸರಿಗೂ ಗಂಟೆಗೂ ನಡುವೆ ಏನೂ ಇಲ್ಲ.

ಮಾಯಾ ಅಣ್ಣನನ್ನು ಕೇಳಿದಳು. "ನೇತ್ರಾ ಏನ ಹಾಕ್ಯಾಳ ಅಣ್ಣಾ? ಫೋನ್ ಓದವಲ್ದು."

"ಏನಿಲ್ಲವಾ, ಹೂವಿನ ಚಿತ್ರ."

ಮತ್ತೊಮ್ಮೆ ಕೇಳಿದಳು. ಆಗಲೂ ಹೂವು. ಇನ್ನೊಮ್ಮೆ ಕೇಳಿದಾಗ, "ಮೆಹಂದಿ ಡಿಸೈನ್. ಆಕೀಗಿ ಬ್ಯಾರೆ ಏನ್ ಕೆಲಸ" ಎಂದು ನಕ್ಕ. ನೇತ್ರಾ ಮದುವೆಮನೆಗಳಿಗೆ ಹೋಗಿ ಮೆಹಂದಿ ಹಾಕುತ್ತಿದ್ದದ್ದು ನಿಜ. ಆದರೆ ಚಿತ್ರ ಬಂದರೆ ಫೋನು "ಫೋಟೊ" ಎನ್ನುತ್ತದೆ ಎಂಬುದು ಮಾಯಾಳಿಗೆ ಗೊತ್ತಿತ್ತು. ಅಣ್ಣನಿಗೆ ಅದರ ತಿಳಿವಳಿಕೆ ಇರಲಿಕ್ಕಿಲ್ಲ ಎಂದುಕೊಂಡಳು. ಹುಡುಗಿ ಇನ್ನೇನನ್ನೋ ಬಚ್ಚಿಟ್ಟು ಅಪ್ಪನ ಕಣ್ಣಿಗೂ ಮಣ್ಣೆರಚುತ್ತಿದ್ದಾಳೆ ಎಂದುಕೊಂಡಳು.

ಒಮ್ಮೆ ಹಿಡಿದ ಸಂಶಯ ತನಗೆ ಬೇಕಾದ್ದನ್ನೆಲ್ಲ ತಾನೇ ಹುಡುಕಿಕೊಂಡು ಬರುತ್ತದೆ. ಕುರುಡಿ ಅತ್ತೆಯೊಬ್ಬಳು ಇರುವುದು ಗಂಡಿನ ಮನೆಯವರ ಮುಂದೆ ನೇತ್ರಾಳಿಗೆ ನಾಚಿಕೆಯಾಗುತ್ತಿರಬೇಕು. ಅದಕ್ಕೇ ಈ ರಿ, ಅದಕ್ಕೇ ಈ ಮೌನ. ಫೋನು ಓದಲಾರದಂತೆ ಬರೆಯುವ ಯಾವುದೋ ಉಪಾಯ ಕಲಿತಿದ್ದಾಳೆ. ಎದುರಿಗೇ ಕೂರಿಸಿಕೊಂಡು ಕಣ್ಸನ್ನೆಯಲ್ಲಿ ಮಾತಾಡುವವರನ್ನು ಮಾಯಾ ಬೇಕಾದಷ್ಟು ಕಂಡಿದ್ದಳು. ಮಾತು ತಟ್ಟನೆ ನಿಂತಾಗ, ಬಳೆ ಒಂದು ಸಾರಿ ಸದ್ದು ಮಾಡಿ ಸುಮ್ಮನಾದಾಗ ಅವಳಿಗೆ ಗೊತ್ತಾಗುತ್ತಿತ್ತು. ಇದೂ ಅಂಥದೇ, ಹೊಸ ಕಾಲದ ಕಣ್ಸನ್ನೆ.

ನಿಶ್ಚಯದ ದಿನ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಊಟದ ವೇಳೆಗೆ ಮತ್ತೆ ಅಂಥದೇ ಖಾಲಿ ಸಂದೇಶ ಬಂತು. ಮಾಯಾ ತಡೆಯಲಾರದೆ ಪಕ್ಕದ ಮೇಜಿನ ಗುಮಾಸ್ತ ಗುರುಪಾದನನ್ನು ಕರೆದಳು. ಹತ್ತರಗಿಯಿಂದ ದಿನಾ ಓಡಾಡುವ ಮನುಷ್ಯ, ಒಳ್ಳೆಯವನೇ, ಆದರೆ ಬಾಯಿ ಸ್ವಲ್ಪ ದೊಡ್ಡದು.

"ಇದರಾಗ ಏನರ ಬರದೈತೇನು ನೋಡ್ರಿ ಗುರುಪಾದ ಅವರ."

ಗುರುಪಾದ ಫೋನು ತೆಗೆದುಕೊಂಡ. "ಬರದಾರಲ್ರಿ! ಭಾರಿ ಚೆಂದ ಬರದಾರ. ಲಗ್ನಪತ್ರಿಕಿ ಮ್ಯಾಲ ಇರ್ತಾವಲ್ಲ, ಬಳಕಿ ಬಳಕಿ, ಬಾಲ ಇದ್ದ ಅಕ್ಷರ, ಹಂಗ. ಇಂಗ್ಲಿಷ್ ಅಕ್ಷರದಾಗ ಕನ್ನಡ. ಅತ್ತಿ... ನಿಶ್ಚಯಕ್ಕ..."

ಮಾಯಾ ಕೈ ಚಾಚಿ ಫೋನು ಕಸಿದುಕೊಂಡಳು. "ಸಾಕ್ರಿ. ಉಳಿದದ್ದು ನಾ ನೋಡ್ಕೋತೇನಿ."

ಗುರುಪಾದನ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು. ಮನೆಯ ಮಾತು ನಾಳೆ ಇಡೀ ಕಚೇರಿಗೆ ಹಬ್ಬದಿದ್ದರೆ ಸಾಕು ಎಂದುಕೊಳ್ಳುತ್ತ ಅವಳು ಟೆಲಿಫೋನ್ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕೂತಳು. ಅಲ್ಲಿ ಅಕ್ಷರ ಇದೆ ಎಂದಾದರೆ ಒಂದೊಂದನ್ನೇ ಓದಿಸಬಹುದು. ಬ್ಯಾಂಕಿನ ಸಂಖ್ಯೆಗಳನ್ನು ಅವಳು ಹಾಗೆ ಓದಿಸಿಕೊಳ್ಳುತ್ತಿದ್ದಳು. ಖಾಲಿ ಎಂದು ತಿಳಿದ ಜಾಗದಲ್ಲಿ ಹಾಗೆ ಮಾಡಿ ನೋಡಬೇಕು ಎಂದು ಇಷ್ಟು ದಿನ ಹೊಳೆದಿರಲಿಲ್ಲ. ಬೆರಳನ್ನು ಒಂದು ಹೆಜ್ಜೆ ಸರಿಸಿದಳು.

"ಮ್ಯಾಥಮೆಟಿಕಲ್ ಬೋಲ್ಡ್ ಸ್ಕ್ರಿಪ್ಟ್ ಕ್ಯಾಪಿಟಲ್ ಎ" ಎಂದಿತು ಫೋನು.

ಮಾಯಾ ಬೆರಳು ಎತ್ತಿಬಿಟ್ಟಳು. ಇದೇನು? ಗಣಿತದ, ದಪ್ಪನೆಯ, ಬಳುಕಿನ, ದೊಡ್ಡ ಎ. ಮತ್ತೊಂದು ಹೆಜ್ಜೆ: ಗಣಿತದ ದಪ್ಪ ಬಳುಕಿನ ಸಣ್ಣ ಟಿ. ಮತ್ತೊಂದು ಟಿ.

ಆ ಅಕ್ಷರಗಳ ಪರಿಚಯ ಅವಳಿಗಿತ್ತು. ಕಾಲೇಜಿನ ಕೊನೆಯ ವರ್ಷ ಮೊದಲ ಬೆಂಚಿನಲ್ಲಿ ಕೂತು, ಇನ್ನೂ ಉಳಿದಿದ್ದ ಚೂರು ಬೆಳಕಿನಲ್ಲಿ ಕಪ್ಪು ಹಲಗೆಯ ಮೇಲೆ ನೋಡಿದ್ದು ಇವನ್ನೇ. ಲಾಪ್ಲಾಸ್ ಪಾಠಕ್ಕೆ ಬಂದಾಗ ಮೇಷ್ಟ್ರು ಬರಿಯ ಎಲ್ ಬರೆಯುತ್ತಿರಲಿಲ್ಲ. ಕುಣಿಕೆ ಹಾಕಿ, ಬಾಲ ಎಳೆದು, ಬೇರೆಯದೇ ಒಂದು ಎಲ್ ಬರೆಯುತ್ತಿದ್ದರು. ವಾಸ್ತವ ಸಂಖ್ಯೆಗಳೆಂದರೆ ಬೆನ್ನಿಗೆ ಜೋಡಿಗೆರೆ ಎಳೆದ ಆರ್. ಸಾದಾ ಎಲ್‌ಗೆ ಒಂದು ಅರ್ಥ, ಬಾಲದ ಎಲ್‌ಗೆ ಇನ್ನೊಂದು. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಲೆಕ್ಕವೇ ತಪ್ಪು. ಆ ಬಾಲ ಸರಿಯಾಗಿ ಬರಬೇಕೆಂದು ಮಾಯಾ ಮನೆಯಲ್ಲಿ ಪುಟಗಟ್ಟಲೆ ತಿದ್ದಿದ್ದಳು. ಕಂಪ್ಯೂಟರಿನವರು ಇವಕ್ಕೆಲ್ಲ ಬೇರೆ ಬೇರೆ ಜಾಗ ಕೊಟ್ಟಿದ್ದಾರೆ ಎಂದು ಎಲ್ಲೋ ಕೇಳಿದ್ದಳು. ಈಗ ನೇತ್ರಾ ಅವನ್ನೇ ತಂದು ಇಲ್ಲಿ ಜೋಡಿಸಿದ್ದಾಳೆ. ಫೋನಿಗೆ ಇವು ಮಾತಲ್ಲ, ಗಣಿತದ ಗುರುತು. ಅದಕ್ಕೇ ಓದದೆ ದಾಟುತ್ತಿದೆ. ತಾನು ಪ್ರೀತಿಯಿಂದ ತಿದ್ದಿದ ಅಕ್ಷರಗಳ ಹಿಂದೆಯೇ ಈ ಹುಡುಗಿ ಅಡಗಿ ಕೂತಿದ್ದಾಳಲ್ಲ ಎಂದುಕೊಳ್ಳುತ್ತ ಅವಳು ಮತ್ತೆ ಬೆರಳು ಇಟ್ಟಳು.

ಒಂದೊಂದು ಅಕ್ಷರಕ್ಕೂ ಅಷ್ಟುದ್ದದ ಹೆಸರು. ಅದರ ತುದಿಗೆ ಬರುವ ಒಂದೇ ಒಂದು ಸದ್ದನ್ನು ಹೆಕ್ಕಿ ಮನಸ್ಸಿನಲ್ಲಿ ಪೋಣಿಸಬೇಕು. ನಡುವೆ ಕರೆ ಬಂದರೆ ಎತ್ತಿ ಉತ್ತರಿಸಬೇಕು, ಮತ್ತೆ ಮೊದಲಿನಿಂದ ಶುರು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಕೊನೆಗೆ ಮೊದಲ ವಾಕ್ಯ ಪೂರ್ತಿಯಾಯಿತು.

"ಅತ್ತಿ ನಿಶ್ಚಯಕ್ಕ ಬರಲಿಲ್ಲಂದ್ರ ಚಲೋ."

ಅದರ ಮುಂದೆ ಇನ್ನೂ ಇತ್ತು. ಮಾಯಾ ಓದಿಸಲಿಲ್ಲ. ಫೋನನ್ನು ಬ್ಯಾಗಿನ ತಳಕ್ಕೆ ಹಾಕಿ, ಸಾಹೇಬರಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಹೇಳಿ, ಕೋಲು ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದಳು.

ಬಸ್ಸು ಘಟಪ್ರಭಾ ದಾಟುವವರೆಗೂ ಅವಳು ಮನಸ್ಸಿನಲ್ಲೇ ಜಗಳ ಆಡುತ್ತಿದ್ದಳು. ಗೋಕಾಕದ ಮನೆ ಮುಟ್ಟಿದಾಗ ಬಾಗಿಲು ತೆಗೆದದ್ದು ಭಾಗ್ಯಾ. "ಅಯ್ಯ, ಇವತ್ತ ಹೆಂಗ ಬಂದ್ರಿ ಮಾಯಾ?" ಎಂದಳು, ದನಿಯಲ್ಲಿ ಸಂತೋಷಕ್ಕಿಂತ ಗಾಬರಿ ಹೆಚ್ಚಿತ್ತು.

"ನೇತ್ರಾ ಎಲ್ಲಿ, ವೈನಿ?"

ನೇತ್ರಾ ಒಳಕೋಣೆಯಲ್ಲಿದ್ದಳು. ಮೆಹಂದಿ ಎಲೆಯ ವಾಸನೆ ಬಾಗಿಲಿನವರೆಗೂ ಬಂದಿತ್ತು. ಮಾಯಾ ಹೊಸ್ತಿಲಲ್ಲೇ ನಿಂತು ಹೇಳಿದಳು. "ನಾ ಬರೂದು ಬ್ಯಾಡಂದ್ರ ಬಾಯಿ ಬಿಟ್ಟು ಹೇಳಬೇಕಿತ್ತು. ಕುರುಡಿ ಅದಾಳ, ಓದಾಕ ಬರೂದಿಲ್ಲ ಅಂತ ನನ್ನ ಎದುರಿಗೇನ ಬರದು ಮುಚ್ಚಿಡೂದು ಯಾಕ? ನಿನ್ನ ನಾ ಎತ್ತಿ ಆಡಿಸಿದ್ದು ಇದಕ್ಕೇನು?"

ನೇತ್ರಾಳ ದನಿ ಸಿಟ್ಟಿನಲ್ಲಿ ಏರಿ ಬಂತು. "ಮುಚ್ಚಿಟ್ಟವರು ಯಾರು? ನಾ ನಿಮಗ ಕಾಣ್ಲಿ ಅಂತನ ಗ್ರೂಪಿನ್ಯಾಗ ಬರದೇನಿ. ಇಷ್ಟ ದಿನದಿಂದ ಬರಿಯಾಕತ್ತೇನಿ. ನೀವು ಒಂದರ ಮಾತು ಆಡಿದ್ರೇನ್ರಿ?"

"ಬರದದ್ದು ಕೇಳಿದ್ರ ಅಲ್ಲೇನು ಮಾತಾಡೂದು?"

"ಕೇಳಿದ್ರ ಅಂದ್ರ?"

ಮಾಯಾ ಫೋನು ಹೊರತೆಗೆದು, ಗುಂಪು ತೆರೆದು, ದನಿ ಜೋರು ಮಾಡಿ ಅವಳ ಕಡೆ ಹಿಡಿದಳು. "ನೇತ್ರಾ" ಎಂದಿತು ಫೋನು. ತಡೆಯಿತು. ಗಂಟೆ ಹೇಳಿತು. ಮುಂದಿನದಕ್ಕೆ ಹೋಯಿತು. "ನೇತ್ರಾ." ಮತ್ತೆ ಗಂಟೆ.

ನೇತ್ರಾ ಎದ್ದು ಬಂದು ಫೋನು ತೆಗೆದುಕೊಂಡಳು. ತಾನೇ ಬೆರಳು ಆಡಿಸಿದಳು. ಮತ್ತೆ ಮತ್ತೆ ಆಡಿಸಿದಳು. ಅವಳ ಉಸಿರು ಬದಲಾದದ್ದು ಮಾಯಾಳಿಗೆ ಕೇಳಿಸಿತು.

"ಅತ್ತಿ, ಇದು... ನನ್ನ ಕೀಬೋರ್ಡ್. ಮೆಹಂದಿ ಸ್ಟೇಟಸ್‌ಗೆ ಚೆಂದ ಕಾಣ್ತೈತಿ ಅಂತ ಈಗೀಗ ಹಾಕ್ಕೊಂಡೇನಿ. ಏನ್ ಟೈಪ್ ಮಾಡಿದ್ರೂ ಹಿಂಗ ಬಳಕಿ ಬಳಕಿನ ಬರ್ತೈತಿ. ಇದನ್ನ ನಿನ್ನ ಫೋನ್ ಓದೂದಿಲ್ಲಂತ ನನಗ ಗೊತ್ತಿಲ್ಲ. ಖರೆ, ಗೊತ್ತಿಲ್ಲ ಅತ್ತಿ."

ಎಷ್ಟೋ ದಿನದ ಮೇಲೆ ಹುಡುಗಿ ಮತ್ತೆ 'ನೀ' ಎಂದಿದ್ದಳು. ಅದು ಇಬ್ಬರಿಗೂ ತಿಳಿಯಿತು. ಆದರೂ ಮಾಯಾ ಮೆತ್ತಗಾಗಲಿಲ್ಲ. "ಬರಲಿಲ್ಲಂದ್ರ ಚಲೋ ಅಂತ ಬರದಿದ್ದು ಯಾರು ಹಂಗಾರ?"

"ಪೂರಾ ಕೇಳು." ನೇತ್ರಾ ಓದತೊಡಗಿದಳು. "ಅತ್ತಿ ನಿಶ್ಚಯಕ್ಕ ಬರಲಿಲ್ಲಂದ್ರ ಚಲೋ. ಅಲ್ಲಿ ಕುಂತು ಅಪ್ಪನ ಸುಳ್ಳಿಗೆ ಆಕಿ ತಲಿ ಆಡಸೂದು ನನಗ ನೋಡಾಕ ಆಗೂದಿಲ್ಲ."

"ಯಾವ ಸುಳ್ಳು?"

ನೇತ್ರಾ ಮೇಲಕ್ಕೆ ಸರಿಸಿ ಮೊದಲನೆಯದನ್ನು ಓದಿದಳು. "ಅಪ್ಪಾ, ಅತ್ತಿ ಕಣ್ಣು ಕಾಲೇಜಿನ ಲ್ಯಾಬಿನ್ಯಾಗ ಆಸಿಡ್ ಸಿಡದು ಹೋದುವು ಅಂತ ಅವರ ಮುಂದ ಹೇಳೀರಲ್ಲ, ಅದನ್ನ ತಿದ್ದಿ ಖರೆ ಹೇಳ್ರಿ. ಅತ್ತಿ, ನೀನರ ಹೇಳ."

ಕಾಶೆವ್ವ ಯಾಕೆ ಗಲ್ಲ ಮುಟ್ಟಿ ನೋಡಿದಳೆಂದು ಮಾಯಾಳಿಗೆ ಆಗ ಹೊಳೆಯಿತು. ಕೈ ತಾನಾಗಿ ತನ್ನ ಗಲ್ಲಕ್ಕೆ ಹೋಯಿತು.

"ನನಗ ಫೋನ್ ಮಾಡಿ ಕೇಳಬೇಕಿತ್ತಲ್ಲ ನೀ?"

"ಅಪ್ಪ ಅಂದ, ನಿಮ್ಮ ಅತ್ತೀನ ಹಂಗ ಹೇಳಂದಾಳ, ಆಕೀಗೂ ಅದ ಬೇಕಾಗೇತಿ ಅಂತ. ನಾ ನಂಬಲಿಲ್ಲ. ಅದಕ್ಕ ಗ್ರೂಪಿನ್ಯಾಗ ಬರದೆ. ನೀ ಸುಮ್ಮನ ಇದ್ದಿ. ಆವಾಗ ನಂಬಿದೆ." ನೇತ್ರಾ ಮೂಗು ಏರಿಸಿಕೊಂಡಳು. "ತನ್ನ ಕಣ್ಣಿನ ಸುದ್ದಿ ಸುಳ್ಳ ಹೇಳಾಕ ಒಪ್ಪಿದಾಕಿ ಮುಂದ ಏನ್ ಮಾತಾಡೂದು ಅಂತ ಸಿಟ್ಟ ಬಂದಿತ್ತು."

ಭಾಗ್ಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಿರಬೇಕು. ಪಾತ್ರೆಯ ಸದ್ದು ನಿಂತು ಬಹಳ ಹೊತ್ತಾಗಿತ್ತು.

ಶ್ರೀಶೈಲ ಸಂಜೆ ಅಂಗಡಿ ಮುಚ್ಚಿ ಬಂದ. ಚಪ್ಪಲಿ ಬಿಡುತ್ತಲೇ ತಂಗಿಯನ್ನು ಕಂಡು, "ಏನವಾ, ಹೇಳದ ಕೇಳದ" ಎಂದ.

ಮಾಯಾ ಏಳಲಿಲ್ಲ. "ಹೂವಿನ ಚಿತ್ರ ಅಂದಿದ್ದಿ ಅಣ್ಣಾ."

ಅವನು ಚಪ್ಪಲಿಯನ್ನು ಗೋಡೆಗೆ ಸರಿಸಿ ಒಳಗೆ ಬಂದ.

"ಫೋನ್ ಓದೂದಿಲ್ಲ ಅಂತ ನಿನಗ ಗೊತ್ತಾತು. ನಾನ ಹೇಳಿದೆ. ಆಕಿ ಬರದದ್ದು ನನಗ ಮುಟ್ಟಿಲ್ಲಂತ ಗೊತ್ತಾದ ಮ್ಯಾಲ ನಿನಗ ಅನುಕೂಲ ಆತು, ಹೌದಲ್ಲೊ?"

"ಹಂಗಲ್ಲ ಮಾಯಾ." ಅವನು ಕುರ್ಚಿಯಲ್ಲಿ ಕುಸಿದ ಸದ್ದಾಯಿತು. "ಈ ಮದಲ ಹೆಣ್ಣ ನೋಡಾಕ ಬಂದವರೆಲ್ಲ ಏನ್ ಮಾಡಿದ್ರು? ತಂಗಿ ಕಣ್ಣು ಹೆಂಗ ಹೋದುವು ಅಂತ ಕೇಳೂದು, ನಾ ಹೇಳೂದು, ಮರುದಿನ ಅವರು ಫೋನ್ ಎತ್ತೂದಿಲ್ಲ. ಈ ಹುಡುಗಿ ಮನ್ಯಾಗ ಉಳೀಲೇನು? ನಿನಗ ಹೇಳಿದ್ರ ನೀ ಒಪ್ಪೂದಿಲ್ಲ, ಗೊತ್ತಿತ್ತು. ನಿನಗ ನೋವಾಗಬಾರದು ಅಂತ..."

"ನನ್ನ ನೋವು ನಡುವ ತರಬ್ಯಾಡ." ಮಾಯಾಳ ದನಿ ಏರಲಿಲ್ಲ. "ನನಗ ಬ್ಯಾರೆ ಭಯ ಹುಟ್ಟೇತಿ. ಇಷ್ಟ ವರ್ಷ ನೀ ಓದಿ ಹೇಳಿದ್ದರಾಗ ಎಷ್ಟ ಹೂವಿದ್ದುವು?"

ಶ್ರೀಶೈಲ ಎದ್ದು ಹಿತ್ತಲಿಗೆ ಹೋದ. ನೀರು ಹೊಯ್ದುಕೊಳ್ಳುವ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು.

ಮರುದಿನ ಬೆಳಗ್ಗೆ ಮಾಯಾ, ನೇತ್ರಾ ಇಬ್ಬರೇ ಮೂಡಲಗಿಯ ಬಸ್ಸು ಹತ್ತಿದರು. ಬರುತ್ತೇನೆ ಎಂದು ಶ್ರೀಶೈಲ ಹೇಳಲಿಲ್ಲ, ಹೋಗಬೇಡಿ ಎಂದೂ ಹೇಳಲಿಲ್ಲ. ಅರಭಾವಿಯಲ್ಲಿ ಕಾಲೇಜು ಹುಡುಗರು ಗದ್ದಲ ಮಾಡುತ್ತ ಇಳಿದ ಮೇಲೆ ನೇತ್ರಾ ಮಾಯಾಳ ಕೈ ಹಿಡಿದುಕೊಂಡಳು. "ಮುರದ್ರ ಮುರೀಲಿ ಅತ್ತಿ" ಎಂದಳು. ಮುರಿಯಬಾರದು ಎಂಬುದು ಆ ದನಿಯಲ್ಲೇ ಇತ್ತು.

ಸದಾಶಿವನ ಮನೆಯಲ್ಲಿ ಕಾಶೆವ್ವ, ಅವಳ ಗಂಡ ಅಲ್ಲಪ್ಪ ಇಬ್ಬರೂ ಇದ್ದರು. ಸದಾಶಿವನೂ ಕೆಲಸಕ್ಕೆ ಹೊರಟವನು ನಿಂತ. ಮಾಯಾ ನೀರು ಕೂಡ ಮುಟ್ಟದೆ ಹೇಳಿಬಿಟ್ಟಳು: ಆಸಿಡ್ ಅಲ್ಲ, ಲ್ಯಾಬ್ ಅಲ್ಲ, ರಕ್ತದಲ್ಲಿ ಬರುವ ಬೇನೆ. ಮೊದಲು ರಾತ್ರಿ ಕಾಣದಾಯಿತು, ಆಮೇಲೆ ಬಾಜೂದಲ್ಲಿದ್ದದ್ದು ಕಾಣದಾಯಿತು, ಆಮೇಲೆ ಎಲ್ಲ. ನೇತ್ರಾಳಿಗೆ ಈ ವಯಸ್ಸಿನವರೆಗೂ ಏನೂ ಆಗಿಲ್ಲ. ಮುಂದಿನದನ್ನು ಡಾಕ್ಟರು ಹೇಳಬೇಕು.

ಕಾಶೆವ್ವಳ ದನಿ ಅವತ್ತು ಗಲ್ಲ ಮುಟ್ಟಿದ ಕಾಶೆವ್ವಳದಾಗಿರಲಿಲ್ಲ. "ಅಲ್ರಿ, ಇದೊಂದು ಸುಳ್ಳಾತು. ಇನ್ನ ಎಷ್ಟ ಅದಾವು? ಹುಡುಗಿ ವಯಸ್ಸು ಖರೇನು? ಕಲ್ತದ್ದು ಖರೇನು? ಈಗ ನೀವು ಹೇಳಾಕತ್ತಿದ್ದರ ಖರೇನು ಅಂತ ನಾ ಹೆಂಗ ತಿಳೀಲಿ?"

ನಿನ್ನೆ ಸಂಜೆ ಮಾಯಾ ಅಣ್ಣನನ್ನು ಕೇಳಿದ್ದೂ ಅದನ್ನೇ. "ನಂಬ್ರಿ ಅಂತ ನಾ ಹೇಳಾಕ ಬಂದಿಲ್ರಿ ಅಕ್ಕಾರ" ಎಂದಳು. "ಡಾಕ್ಟರ್ ಕಡೆ ನೀವ ಕರ್ಕೊಂಡ ಹೋಗ್ರಿ. ನೀವು ಆರಿಸಿದ ಡಾಕ್ಟರ್. ನಾನೂ ಬರ್ತೇನಿ, ನನ್ನ ಕಣ್ಣೂ ನೋಡ್ಲಿ."

ಅಲ್ಲಪ್ಪ ಕೆಮ್ಮಿದ. ನಿಶ್ಚಯ ಸದ್ಯಕ್ಕೆ ಬೇಡ, ಮುಂದೆ ತಿಳಿಸುತ್ತೇವೆ ಎಂದ. ಹೊರಗೆ ಬಂದಾಗ ಸದಾಶಿವ ಬಸ್ಸಿನವರೆಗೂ ಜೊತೆಗೆ ನಡೆದ. ಒಂದೇ ಒಂದು ಮಾತು ಕೇಳಿದ, ಅದೂ ನೇತ್ರಾಳನ್ನು: "ಇದನ್ನ ಹೇಳೂಣು ಅಂದಾವರು ಯಾರು, ನೀವೋ ಅವರೋ?"

"ಇಬ್ರೂ" ಎಂದಳು ನೇತ್ರಾ.

ಆ ಮನೆಯಿಂದ ಬಹಳ ದಿನ ಸುದ್ದಿ ಬರಲಿಲ್ಲ. ಮುರಿಯಿತು ಎಂದೇ ಭಾಗ್ಯಾ ಅತ್ತಳು, ಶ್ರೀಶೈಲ ಅಂಗಡಿಯಲ್ಲೇ ಉಣ್ಣತೊಡಗಿದ. ಆಮೇಲೆ ಒಂದು ದಿನ ಸದಾಶಿವನೇ ಫೋನು ಮಾಡಿ ಬೆಳಗಾವಿಯ ಕಣ್ಣಿನ ಡಾಕ್ಟರರೊಬ್ಬರ ಹತ್ತಿರ ಹೆಸರು ಹಚ್ಚಿಸಿದ್ದೇನೆ ಎಂದ. ಕಾಶೆವ್ವಳೂ ಬಂದಳು, ಡಾಕ್ಟರು ಹೇಳಿದ್ದನ್ನೆಲ್ಲ ಎರಡೆರಡು ಸಾರಿ ಕೇಳಿಸಿಕೊಂಡಳು. ನೇತ್ರಾಳ ಕಣ್ಣಿನಲ್ಲಿ ಬೇನೆಯ ಗುರುತಿಲ್ಲ, ಹುಟ್ಟುವ ಮಕ್ಕಳಿಗೆ ಬರುವ ಸಂಭವ ಕಡಿಮೆ, ಬರುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರು ಎಂದರು ಡಾಕ್ಟರು. ಆದರೂ ಗಂಡಿನ ಕಡೆಯಿಂದ ನಿಶ್ಚಯಕ್ಕೆ ಹೊಸ ದಿನ ಬಂತು.

ಮೂಡಲಗಿಯ ಮನೆಯ ಪಡಸಾಲೆಯಲ್ಲಿ ಹತ್ತಿರದವರಷ್ಟೇ ಸೇರಿದ್ದರು. ಮಾಯಾ ಗೋಡೆಗೆ ಒರಗಿ ಕೂತಿದ್ದಳು. ಯಾರದೋ ಸೀರೆ ಸರಸರ ಎಂದಿತು, ತಟ್ಟೆಗಳು ಕೈಯಿಂದ ಕೈಗೆ ದಾಟಿದವು, ಸೋಬಾನೆಯ ಹಾಡು ಶುರುವಾಯಿತು. ಶ್ರೀಶೈಲ ಬಂದು ಅವಳ ಪಕ್ಕದಲ್ಲಿ ಕೂತ. ಮೊದಲಿನ ರೂಢಿಯಂತೆ ಅವಳ ಕಿವಿಯ ಬಳಿ ಮೆಲ್ಲಗೆ ಹೇಳತೊಡಗಿದ. ಸದಾಶಿವ ಉಂಗುರ ತೊಡಿಸುತ್ತಿದ್ದಾನೆ. ನೇತ್ರಾ ತಲೆ ತಗ್ಗಿಸಿದ್ದಾಳೆ. ಅಲ್ಲಪ್ಪ ಫೋಟೊಗೆ ನಿಂತಿದ್ದಾನೆ.

"ಕಾಶೆವ್ವ ಭಾಳ ಖುಷಿಲೆ ನಗಾಕತ್ತಾಳ ನೋಡವಾ" ಎಂದ.

ಮಾಯಾ ತಲೆ ಆಡಿಸಿದಳು. ಸ್ವಲ್ಪ ಹೊತ್ತು ಹಾಡು ಕೇಳಿದಳು. ಆಮೇಲೆ ಇನ್ನೊಂದು ಬದಿಗೆ ಕೂತಿದ್ದ ಭಾಗ್ಯಾಳ ಕಡೆ ವಾಲಿ, ಅಣ್ಣನಿಗೂ ಕೇಳುವಂತೆಯೇ, "ವೈನಿ, ಕಾಶೆವ್ವ ನಗಾಕತ್ತಾಳೇನ್ರಿ?" ಎಂದಳು.

ಶ್ರೀಶೈಲನ ಮಾತು ಅಲ್ಲಿಗೇ ನಿಂತಿತು. ಭಾಗ್ಯಾ ಗಂಡನ ಮುಖ ನೋಡಿದಳೋ, ಕಾಶೆವ್ವಳ ಮುಖ ನೋಡಿದಳೋ ಮಾಯಾಳಿಗೆ ತಿಳಿಯಲಿಲ್ಲ. ಉತ್ತರ ಬರುವವರೆಗೆ ಅವಳು ಕಾದಳು.

"ಇಲ್ರಿ" ಎಂದಳು ಭಾಗ್ಯಾ ಕೊನೆಗೆ. "ನಗವಲ್ಲಳು. ಆದ್ರ ನೇತ್ರಾನ ಸೆರಗ ಸರಿ ಮಾಡಾಕತ್ತಾಳ."